ನಾರ್ಸ್ ಜನ ಮಾಯವಾಗಲಿಲ್ಲ, ಹಿಂತಿರುಗಿದರು

ಮಾನ್ಯ ಸಂಪಾದಕರೇ,

ವೈಕಿಂಗರು ಕೊಲಂಬಸ್‌ಗಿಂತ ಮೊದಲೇ ಅಮೆರಿಕ ಮುಟ್ಟಿದ್ದರ ಬಗ್ಗೆ ತಮ್ಮ ಭಾನುವಾರದ ಪುರವಣಿಯಲ್ಲಿ ಬಂದ ಲೇಖನ ಓದಿದೆವು. ಇಂಥ ವಿಷಯಕ್ಕೆ ಕನ್ನಡದ ಪತ್ರಿಕೆ ಅರ್ಧ ಪುಟ ಕೊಟ್ಟಿದ್ದು ನಿಜಕ್ಕೂ ಸಂತೋಷದ ಸಂಗತಿ. ಆದರೆ ಲೇಖನ ಕೊನೆಗೊಳ್ಳುವುದು ಅವರು ಅಲ್ಲಿಂದ ನಿಗೂಢವಾಗಿ ಕಣ್ಮರೆಯಾದರು ಎಂಬ ಮಾತಿನಿಂದ. ನಮ್ಮ ತಕರಾರು ಇರುವುದು ಈ ಮಾತಿನ ಮೇಲೆಯೇ. ಎಷ್ಟು ಜನ ಇದ್ದರು, ಮರ ಎಲ್ಲಿಂದ ಬರುತ್ತಿತ್ತು, ಕಬ್ಬಿಣ ಎಷ್ಟು ಸಿಗುತ್ತಿತ್ತು, ದನಕ್ಕೆ ಹುಲ್ಲು ಯಾವ ತಿಂಗಳಲ್ಲಿ ಕೊಯ್ಯಬೇಕಿತ್ತು, ಊರು ಎಷ್ಟು ದೂರ ಎಂದು ಲೆಕ್ಕ ಹಾಕುತ್ತ ಹೋದರೆ ಅವರು ಹೋದದ್ದಕ್ಕೂ ವಾಪಸು ಬಂದದ್ದಕ್ಕೂ ಕಾರಣ ಒಂದೇ ಕಡೆ ಸಿಗುತ್ತದೆ. ಕೊಡಗಿನ ಶಾಲೆಗಳಲ್ಲಿ ಮಕ್ಕಳು ಇಂಥ ಪುಟಗಳನ್ನು ಕತ್ತರಿಸಿ ಪ್ರಾಜೆಕ್ಟ್ ಪುಸ್ತಕಕ್ಕೆ ಅಂಟಿಸುತ್ತಾರೆ. ಅದಕ್ಕಾಗಿ ಈ ಪತ್ರ ಸ್ವಲ್ಪ ಉದ್ದವಾಗಿದೆ, ದಯವಿಟ್ಟು ಪೂರ್ತಿ ಪ್ರಕಟಿಸಬೇಕು.

ಸಣ್ಣ ತಪ್ಪುಗಳನ್ನು ಮೊದಲು ಹೇಳಿ ಮುಗಿಸುತ್ತೇವೆ. ಚಿತ್ರದಲ್ಲಿ ಎಲ್ಲರ ತಲೆಯ ಮೇಲೂ ಕೊಂಬಿನ ಟೋಪಿ ಇದೆ. ಆ ಕೊಂಬು 1876ರಲ್ಲಿ ಜರ್ಮನಿಯ ಬೈರಾಯ್ಟ್‌ನಲ್ಲಿ ಆಡಿದ ಸಂಗೀತ ನಾಟಕದ ವೇಷಭೂಷಣದಿಂದ ಜನಪ್ರಿಯವಾದದ್ದು. ನಾರ್ವೆಯ ಗ್ಯೆರ್ಮುಂಡ್‌ಬು ಎಂಬಲ್ಲಿ 1943ರಲ್ಲಿ ಸಿಕ್ಕ ಆ ಕಾಲದ ನಿಜವಾದ ಶಿರಸ್ತ್ರಾಣಕ್ಕೆ ಕೊಂಬಿಲ್ಲ. ಅವರ ಕೈಯಲ್ಲಿ ದಿಕ್ಸೂಚಿಯೂ ಇರಲಿಲ್ಲ. ಯುರೋಪಿನಲ್ಲಿ ಅದರ ಉಲ್ಲೇಖ ಸಿಗುವುದು 12ನೇ ಶತಮಾನದ ಕೊನೆಗೆ. ಲೇಖನ ಸಾಕ್ಷ್ಯವೆಂದು ತೋರಿಸಿದ 'ವಿನ್‌ಲ್ಯಾಂಡ್ ನಕ್ಷೆ' (ವಿನ್‌ಲ್ಯಾಂಡ್ ಎಂದರೆ ಅಮೆರಿಕದ ಆ ತೀರಕ್ಕೆ ಅವರಿಟ್ಟ ಹೆಸರು) ಖೋಟಾ ಎಂದು ಅದನ್ನು ಇಟ್ಟುಕೊಂಡಿರುವ ಯೇಲ್ ವಿಶ್ವವಿದ್ಯಾಲಯವೇ 2021ರಲ್ಲಿ ಪ್ರಕಟಿಸಿತು. ಅದರ ಶಾಯಿಯಲ್ಲಿ 20ನೇ ಶತಮಾನದಲ್ಲಷ್ಟೇ ಬಳಕೆಗೆ ಬಂದ ಟೈಟಾನಿಯಂ ಬಣ್ಣ ಇದೆ. ಮಿನೆಸೋಟದಲ್ಲಿ 1898ರಲ್ಲಿ ಸಿಕ್ಕಿತೆನ್ನುವ ಕೆನ್ಸಿಂಗ್ಟನ್ ಶಿಲಾಲೇಖವನ್ನೂ ಭಾಷಾತಜ್ಞರು ಖೋಟಾ ಎಂದೇ ಪರಿಗಣಿಸುತ್ತಾರೆ. ಇನ್ನು 'ವೈಕಿಂಗ್' ಎನ್ನುವುದು ಕಡಲ ದಾಳಿಗೆ ಹೋಗುವವನ ಹೆಸರು. ಹೆಂಡತಿ ಮಕ್ಕಳು, ದನ ಕುರಿ, ನೇಗಿಲು ಕುಡುಗೋಲು ಹೇರಿಕೊಂಡು ಪಡುವಣಕ್ಕೆ ಹೋದವರು ಒಕ್ಕಲು ಮಕ್ಕಳು. ಅವರನ್ನು ನಾರ್ಸ್ ಜನ ಎನ್ನುವುದೇ ಸರಿ.

ಈ ಒಕ್ಕಲುತನವೇ ಕಥೆಯ ಮೂಲ. ಒಬ್ಬ ವೀರ ಒಂದು ದಿನ ಹಡಗು ಹತ್ತಿ ಹೊಸ ಖಂಡ ಕಂಡುಹಿಡಿದ ಎಂಬ ಚಿತ್ರ ಬಿಡಬೇಕು. ನಾರ್ವೆಯಿಂದ ಹೊರಟವರು ಶೆಟ್‌ಲ್ಯಾಂಡ್, ಫ್ಯಾರೋ ದ್ವೀಪಗಳನ್ನು ಹಿಡಿದರು. ಅಲ್ಲಿಂದ ಐಸ್‌ಲ್ಯಾಂಡಿಗೆ. ರೇಕ್ಯಾವಿಕ್‌ನ ಅತಿ ಹಳೆಯ ಮನೆಗಳ ಅವಶೇಷ 870ರ ದಶಕದ ಜ್ವಾಲಾಮುಖಿ ಬೂದಿಯ ಪದರಕ್ಕೆ ಹೊಂದಿಕೊಂಡಂತೆ ಸಿಕ್ಕಿದೆ. 930ರ ಹೊತ್ತಿಗೆ ಒಳ್ಳೆಯ ನೆಲವೆಲ್ಲ ಹಂಚಿಹೋಗಿ, ವ್ಯಾಜ್ಯ ತೀರಿಸಲು ಆಲ್‌ಥಿಂಗ್ ಎಂಬ ಮಹಾಸಭೆಯೂ ಶುರುವಾಗಿತ್ತು. ಇಂದಿನ ಐಸ್‌ಲ್ಯಾಂಡಿಗರ ತಾಯಿ ಕಡೆಯ ವಂಶವಾಹಿ ನೋಡಿದರೆ ಅರ್ಧಕ್ಕಿಂತ ಹೆಚ್ಚು ಪಾಲು ಐರ್‌ಲ್ಯಾಂಡ್, ಸ್ಕಾಟ್‌ಲ್ಯಾಂಡ್ ಕಡೆಯದು. ಎಷ್ಟೋ ಹೆಣ್ಣುಮಕ್ಕಳು ಅಲ್ಲಿಂದ ದಾಸಿಯರಾಗಿ ಬಂದವರು. ಅವರಲ್ಲಿ ಬಹುತೇಕರ ಹೆಸರು ಯಾವ ಕಥೆಯಲ್ಲೂ ಉಳಿದಿಲ್ಲ. ಇದು ನೋವಿನ ಸಂಗತಿ, ಮರೆಯಬಾರದ್ದು.

ಕೊಲೆಯ ತಪ್ಪಿಗೆ ಮೂರು ವರ್ಷ ಗಡಿಪಾರಾದ ಕೆಂಪು ಎರಿಕ್ 982ರ ಸುಮಾರಿಗೆ ಗ್ರೀನ್‌ಲ್ಯಾಂಡಿನ ದಕ್ಷಿಣದ ಕಡಲಚಾಚುಗಳನ್ನು ಸುತ್ತಿ ನೋಡಿದ. ಶಿಕ್ಷೆ ಮುಗಿದ ಮೇಲೆ 985 ಅಥವಾ 986ರ ಬೇಸಿಗೆಯಲ್ಲಿ ಒಕ್ಕಲು ಕಟ್ಟಿಕೊಂಡು ಹೊರಟ. ಹೊರಟ ಹಡಗು 25, ತಲುಪಿದ್ದು 14. ಉಳಿದವುಗಳಲ್ಲಿ ಕೆಲವು ಮುಳುಗಿದವು, ಕೆಲವು ಹಿಂದಕ್ಕೆ ನೂಕಲ್ಪಟ್ಟವು. ಈ 14ನ್ನು ಓದುಗರು ನೆನಪಿಟ್ಟುಕೊಳ್ಳಬೇಕು, ಮುಂದೆ ಬೇಕಾಗುತ್ತದೆ. ಅವರು ಅಲ್ಲಿ ಹುಡುಕಿದ್ದು ಹುಲ್ಲು. ಮನೆಯ ಸುತ್ತ ಗೊಬ್ಬರ ಹಾಕಿ ಬೆಳೆಸುವ ಹುಲ್ಲುಗದ್ದೆ, ಅದರಾಚೆ ಮೇವಿಗೂ ಸೌದೆಗೂ ಬಿಟ್ಟ ಗುಡ್ಡ. ನಮ್ಮಲ್ಲಿ ಗದ್ದೆಗೆ ತಕ್ಕ ಬಾಣೆ ಇರುವ ಹಾಗೆ ಅವರಲ್ಲೂ ಎರಡೂ ಸೇರಿದರೇ ಒಂದು ಆಸ್ತಿ. ಗದ್ದೆ ಚೆನ್ನಾಗಿದ್ದು ಬಾಣೆ ಇಲ್ಲದ ಒಕ್ಕಲು ಎಷ್ಟು ದಿನ ನಡೆಯುತ್ತದೆ ಎಂದು ಕೊಡಗಿನವರಿಗೆ ವಿವರಿಸಬೇಕಿಲ್ಲ.

ಕಾಲದ ಅಂದಾಜಿಗೆ ಒಂದು ಮಾತು. 11ನೇ ಶತಮಾನದ ಮೊದಲ ದಶಕದಲ್ಲಿ ರಾಜರಾಜ ಚೋಳ, ಪಣಸೋಗೆಯ ಯುದ್ಧದಲ್ಲಿ ಹೋರಾಡಿದ ಮನಿಜ ಎಂಬ ವೀರನಿಗೆ ಕೊಂಗಾಳ್ವ ಪಟ್ಟ ಕಟ್ಟಿ, ಈಗಿನ ಸೋಮವಾರಪೇಟೆ ತಾಲ್ಲೂಕಿನ ಮಾಲಂಬಿಯನ್ನು ಬಿಟ್ಟುಕೊಟ್ಟ. ಎರಿಕನ ಮಗ ಲೀಫ್ ಪಡುವಣದ ನೆಲ ನೋಡಲು ಹೊರಟದ್ದು ಹೆಚ್ಚುಕಡಿಮೆ ಆಗಲೇ.

ಹಡಗಿನ ವಿಷಯಕ್ಕೆ ಬರೋಣ. ಲೇಖನದ ಚಿತ್ರದಲ್ಲಿರುವ, ಸಾಲು ಹುಟ್ಟುಗಳ, ಡ್ರ್ಯಾಗನ್ ಮೂತಿಯ ಉದ್ದನೆಯ ದೋಣಿ ದಾಳಿಗೆ ಮಾಡಿದ್ದು. ಸಾಗರ ದಾಟಿದ್ದು ಕ್ನಾರ್ ಎನ್ನುವ ಸರಕಿನ ಹಡಗು. ಡೆನ್ಮಾರ್ಕಿನ ರಾಸ್ಕಿಲ್ಡ ಕಡಲಚಾಚಿನಲ್ಲಿ, ಶತ್ರುಗಳ ದಾರಿ ತಡೆಯಲು ಬೇಕೆಂದೇ ಮುಳುಗಿಸಿದ್ದ ಐದು ಹಡಗುಗಳನ್ನು 1962ರಲ್ಲಿ ಸುತ್ತ ಒಡ್ಡು ಕಟ್ಟಿ, ನೀರು ಬತ್ತಿಸಿ ಹೊರತೆಗೆದರು. ಅವುಗಳಲ್ಲಿ ಸ್ಕುಲ್ದೆಲೆವ್ 1 ಎಂದು ಹೆಸರಿಟ್ಟದ್ದು ಇಂಥ ಸಾಗರದ ಸರಕು ಹಡಗು. 1030ರ ಸುಮಾರಿಗೆ ನಾರ್ವೆಯ ಪಶ್ಚಿಮ ತೀರದಲ್ಲಿ ಕಟ್ಟಿದ್ದು. ಉದ್ದ ಸುಮಾರು 16 ಮೀಟರ್, ಅಗಲ 4.8 ಮೀಟರ್, ಹೊರೆ 24 ಟನ್. ಅಂದರೆ ಎರಡು ಮೂರು ಲಾರಿ ಲೋಡು. ನಡೆಸಲು ಆರರಿಂದ ಎಂಟು ಮಂದಿ ಸಾಕು. ಅದರ ಪಕ್ಕದಲ್ಲೇ ಸಿಕ್ಕ ಯುದ್ಧದೋಣಿ 30 ಮೀಟರ್ ಉದ್ದವಿದ್ದರೂ ಹುಟ್ಟು ಹಾಕುವವರಿಂದಲೇ ತುಂಬಿಹೋಗುತ್ತಿತ್ತು. ಅದರಲ್ಲಿ ಹಸು ಎಲ್ಲಿ ನಿಲ್ಲಬೇಕು, ಹುಲ್ಲು ಎಲ್ಲಿ ಪೇರಿಸಬೇಕು?

ಕಟ್ಟುವ ಕ್ರಮ ಮರಗೆಲಸ ಬಲ್ಲವರಿಗೆ ಇಷ್ಟವಾಗುವಂಥದ್ದು. ಗರಗಸದಿಂದ ಕೊಯ್ಯುತ್ತಿರಲಿಲ್ಲ, ಬೆಣೆ ಹೊಡೆದು ಸೀಳುತ್ತಿದ್ದರು. ಓಕ್ ದಿಮ್ಮಿಯಾದರೆ ಎರಡು, ನಾಲ್ಕು, ಎಂಟು ಎಂದು ತಿರುಳಿನಿಂದ ತೊಗಟೆಯ ಕಡೆಗೆ ಸೀಳುತ್ತ ಹೋಗುವುದು. ಪೈನ್ ಆದರೆ ದಿಮ್ಮಿಯನ್ನು ಎರಡು ಹೋಳು ಮಾಡಿ, ಒಂದೊಂದು ಹೋಳಿನಿಂದ ಒಂದೊಂದೇ ಹಲಗೆಯನ್ನು ಕೊಡಲಿಯಲ್ಲಿ ಕೆತ್ತಿ ತೆಗೆಯುವುದು. ಮರ ಬಹಳ ವ್ಯರ್ಥವಾಗುತ್ತದೆ, ನಿಜ. ಆದರೆ ಗರಗಸ ಮರದ ನಾರನ್ನು ಅಡ್ಡಡ್ಡ ಕಡಿಯುತ್ತದೆ, ಕಡಿದ ತುದಿಗಳಿಂದ ನೀರು ಒಳಗಿಳಿಯುತ್ತದೆ. ಸೀಳಿದ ಹಲಗೆಯಲ್ಲಿ ನಾರು ತುದಿಯಿಂದ ತುದಿಗೆ ಹರಿದಿರುವುದರಿಂದ ಎರಡು ಮೂರು ಸೆಂಟಿಮೀಟರ್ ದಪ್ಪವಿದ್ದರೂ ಬಾಗುತ್ತದೆ, ಮುರಿಯುವುದಿಲ್ಲ. ಮೊದಲು ಕೀಲ್ ಎನ್ನುವ ಅಡಿಯ ಬೆನ್ನುಮರ, ಆಮೇಲೆ ಹೆಂಚು ಹೊದಿಸಿದ ಹಾಗೆ ಒಂದರ ಅಂಚಿನ ಮೇಲೊಂದು ಹಲಗೆ. ಎರಡರ ನಡುವೆ ಟಾರಿನಲ್ಲಿ ನೆನೆಸಿದ ಉಣ್ಣೆಯ ಹುರಿ. ಸುಮಾರು ಗೇಣಿಗೊಂದರಂತೆ ಕಬ್ಬಿಣದ ಮೊಳೆ ತೂರಿಸಿ, ಒಳಗಡೆ ಚಿಕ್ಕ ಕಬ್ಬಿಣದ ಬಿಲ್ಲೆ ಕೂರಿಸಿ, ತುದಿಯನ್ನು ಬಡಿದು ಮಡಿಸುವುದು. ಮೈ ಆಕಾರಕ್ಕೆ ಬಂದ ಮೇಲೆಯೇ ಒಳಗೆ ಪಕ್ಕೆಲುಬುಗಳನ್ನು ಕೂರಿಸುವುದು. ಹೀಗೆ ಕಟ್ಟಿದ ಹಡಗು ಅಲೆಯ ಜೊತೆ ತಾನೂ ಬಳುಕುತ್ತದೆ. ನಾರ್ವೆಯಲ್ಲಿ ಅಗೆದು ತೆಗೆದ ವೈಕಿಂಗ್ ಕಾಲದ ಗೋಕ್‌ಸ್ಟಾಡ್ ಹಡಗಿನ ಪ್ರತಿರೂಪವೊಂದು 1893ರಲ್ಲಿ ಮ್ಯಾಗ್ನಸ್ ಆಂಡರ್ಸನ್ ಎಂಬ ಕಪ್ತಾನನ ಕೈಯಲ್ಲಿ ಬೆರ್ಗೆನ್‌ನಿಂದ ನ್ಯೂಫೌಂಡ್‌ಲ್ಯಾಂಡಿಗೆ 28 ದಿನಗಳಲ್ಲಿ ತಲುಪಿತು. ಆಗ ಅದರ ಮೇಲಂಚು ಅಲೆಗಳಲ್ಲಿ ಆರು ಇಂಚಿನವರೆಗೂ ತಿರುಚಿಕೊಳ್ಳುತ್ತಿತ್ತಂತೆ, ಆದರೂ ನೀರು ಒಳಗೆ ಬರಲಿಲ್ಲ.

ಕೆಡುತ್ತಿದ್ದದ್ದು ಎಲ್ಲಿ? ಮೊದಲನೆಯದು ಮೊಳೆ. ಉಪ್ಪುನೀರಿಗೆ ಕಬ್ಬಿಣ ತುಕ್ಕು ಹಿಡಿಯುತ್ತದೆ, ಹಲಗೆಗಳ ಎಳೆದಾಟಕ್ಕೆ ಮೊಳೆಯ ತಲೆ ಹಾರುತ್ತದೆ. ಎರಡನೆಯದು ಮರ ಕೊರೆಯುವ ಕಡಲ ಹುಳು. ಐಸ್‌ಲ್ಯಾಂಡಿನ ಹಳೆಯ ಗದ್ಯಕಥೆಗಳಿಗೆ ಸಾಗಾ ಎನ್ನುತ್ತಾರೆ; ಕೆಂಪು ಎರಿಕನ ಸಾಗಾದಲ್ಲಿ ಇಂಥದ್ದೊಂದು ಪ್ರಸಂಗವಿದೆ: ವಿನ್‌ಲ್ಯಾಂಡಿನಿಂದ ಮರಳುವಾಗ ಒಂದು ಹಡಗಿನ ತಳ ಹುಳು ತಿಂದು ಮುಳುಗತೊಡಗುತ್ತದೆ, ಸೀಲ್ ಕೊಬ್ಬಿನ ಟಾರು ಬಳಿದ ಚಿಕ್ಕ ದೋಣಿಗೆ ಮಾತ್ರ ಹುಳು ಮುಟ್ಟಿರುವುದಿಲ್ಲ. ಅದರಲ್ಲಿ ಅರ್ಧ ಜನಕ್ಕಷ್ಟೇ ಜಾಗ, ಚೀಟಿ ಎತ್ತಿ ತೀರ್ಮಾನಿಸುತ್ತಾರೆ. ಮೂರನೆಯದು, ಚೌಕದ ಹಾಯಿ. ಬೆನ್ನಿಗೆ ಗಾಳಿಯಿದ್ದರೆ ಅದಕ್ಕಿಂತ ಒಳ್ಳೆಯದಿಲ್ಲ. ಎದುರು ಗಾಳಿ ಜೋರಾದರೆ ಮುಂದೆ ಹೋಗಲಾರದೆ, ಹಾಯಿ ಇಳಿಸಿ ನೀರು ಮೊಗೆಯುತ್ತ ಕೂರಬೇಕು. ಹೊರೆಯ ಮೇಲೆ ಮುಚ್ಚುಗೆ ಇಲ್ಲದ ತೆರೆದ ಹಡಗು ಅದು. ಒಂದೊಂದು ಯಾನ ವಾರವಾಗುವುದೋ ಎರಡು ತಿಂಗಳಾಗುವುದೋ ಎಂಬುದು ಗಾಳಿಗೆ ಬಿಟ್ಟದ್ದು.

ಹಾಯಿ ಉಣ್ಣೆಯದು. ಸ್ಕುಲ್ದೆಲೆವ್ 1ರಂಥ ಹಡಗಿಗೆ 90 ಚದರ ಮೀಟರ್ ಹಾಯಿ ಬೇಕು; ಅಷ್ಟು ಉಣ್ಣೆಯನ್ನು ಕೈಯಲ್ಲಿ ಕದಿರು ತಿರುಗಿಸಿ ನೂತು, ನಿಲುವು ಮಗ್ಗದಲ್ಲಿ ಪಟ್ಟಿ ಪಟ್ಟಿಯಾಗಿ ನೇಯ್ದು ಹೊಲಿಯಬೇಕು. ಮಳೆಗಾಲದಲ್ಲಿ ಕಂಬಳಿ ಹೊದ್ದವರಿಗೆ ಗೊತ್ತು, ಜಿಡ್ಡು ಹೋಗದ ಉಣ್ಣೆ ನೀರನ್ನು ಬೇಗ ಒಳಗೆ ಬಿಡುವುದಿಲ್ಲ. ಅದರ ಮೇಲೆ ಕೊಬ್ಬು, ಟಾರು ಬಳಿದು ಗಾಳಿ ಸೋರದಂತೆ ಮಾಡುತ್ತಿದ್ದರು. ಇಷ್ಟೆಲ್ಲ ಹೆಂಗಸರ ಕೆಲಸ. ಹಡಗು ಕಟ್ಟಿದವನ ಹೆಸರು ಹೇಳುವಾಗ ಹಾಯಿ ನೇಯ್ದ ಕೈಗಳನ್ನೂ ಲೆಕ್ಕಕ್ಕೆ ಹಿಡಿಯಬೇಕು.

ದಾರಿ ಕಾಣುತ್ತಿದ್ದದ್ದು ಹೇಗೆ? ಲೇಖನ ನಕ್ಷತ್ರ ನೋಡಿ ಎಂದಿದೆ. 12 ಡಿಗ್ರಿ ಅಕ್ಷಾಂಶದ ಮಡಿಕೇರಿಯಲ್ಲಿ ಕುಳಿತು ಯೋಚಿಸಿದರೆ ಹಾಗೇ ಅನ್ನಿಸುತ್ತದೆ. ಆದರೆ ಅವರು ಯಾನ ಮಾಡುತ್ತಿದ್ದದ್ದು 60 ಡಿಗ್ರಿಗೂ ಮೇಲೆ, ಬೇಸಿಗೆಯಲ್ಲಿ. ಅಲ್ಲಿ ಜೂನ್ ತಿಂಗಳಲ್ಲಿ ರಾತ್ರಿ ಪೂರ್ತಿ ಕತ್ತಲಾಗುವುದೇ ಇಲ್ಲ, ನಕ್ಷತ್ರ ಕಾಣುವ ಹೊತ್ತು ಬಹಳ ಕಡಿಮೆ. ಅವರು ನಂಬಿದ್ದು ಮಧ್ಯಾಹ್ನದ ಸೂರ್ಯನ ಎತ್ತರವನ್ನು, ಅಲೆಯ ದಿಕ್ಕನ್ನು, ಹಕ್ಕಿಗಳನ್ನು, ತಿಮಿಂಗಿಲಗಳನ್ನು. ಐಸ್‌ಲ್ಯಾಂಡಿನ ಹಳೆಯ ಬರಹದಲ್ಲಿ ಒಂದು ದಾರಿ ವಿವರಣೆ ಉಳಿದಿದೆ, ಎಷ್ಟು ಚೆನ್ನಾಗಿದೆ ನೋಡಿ: ನಾರ್ವೆಯ ಹೆರ್ನಾರ್‌ನಿಂದ ನೇರ ಪಡುವಣಕ್ಕೆ ಹಿಡಿಯಬೇಕು. ಶುಭ್ರವಾದ ದಿನ ಮಾತ್ರ ಶೆಟ್‌ಲ್ಯಾಂಡ್ ಕಾಣುವಷ್ಟು ಅದರ ಉತ್ತರಕ್ಕೆ ಹೋಗಬೇಕು. ಫ್ಯಾರೋ ದ್ವೀಪದ ಬೆಟ್ಟಗಳ ಅರ್ಧಕ್ಕೆ ಕಡಲು ಬಂದಂತೆ ಕಾಣುವಷ್ಟು ದಕ್ಷಿಣದಲ್ಲಿ ಸಾಗಬೇಕು. ಐಸ್‌ಲ್ಯಾಂಡ್ ಕಾಣದಿದ್ದರೂ ಅಲ್ಲಿನ ಹಕ್ಕಿ, ತಿಮಿಂಗಿಲ ಕಾಣುವಷ್ಟು ದೂರದಲ್ಲಿ ಹಾದುಹೋಗಬೇಕು. ಹೊರಡುವ ಊರು, ತಲುಪುವ ಗ್ರೀನ್‌ಲ್ಯಾಂಡಿನ ತುದಿ ಎರಡೂ ಹೆಚ್ಚುಕಡಿಮೆ 60 ಡಿಗ್ರಿಯ ಮೇಲೇ ಇರುವುದರಿಂದ ಇದು ನಡೆಯುತ್ತದೆ. ಮಂಜು ಕವಿದು ದಿಕ್ಕೇ ತೋಚದಂತಾಗುವುದಕ್ಕೆ ಅವರಲ್ಲಿ 'ಹಾಫ್‌ವಿಲ್ಲ' ಎಂಬ ಪ್ರತ್ಯೇಕ ಪದವೇ ಇತ್ತು. ಗ್ರೀನ್‌ಲ್ಯಾಂಡಿಗೆ ಹೊರಟ ಬ್ಯಾರ್ನಿ ಹೆರ್ಯೋಲ್ಫ್‌ಸನ್ ಹಾಗೆ ದಿಕ್ಕು ತಪ್ಪಿಯೇ ಪಡುವಣದ ಕಾಡಿನ ತೀರವನ್ನು ಮೊದಲು ಕಂಡದ್ದು. ಇಳಿಯದೆ ಹಿಂತಿರುಗಿದ. ಅವನ ಹಡಗನ್ನು ಕೊಂಡು, 35 ಜನರೊಂದಿಗೆ, ಅವನು ಬಂದ ದಾರಿಯನ್ನೇ ತಿರುಗಾಮುರುಗಾ ಹಿಡಿದು ಹೋದವನು ಲೀಫ್ ಎಂದು ಗ್ರೀನ್‌ಲ್ಯಾಂಡಿಗರ ಸಾಗಾ ಹೇಳುತ್ತದೆ. ಚಪ್ಪಡಿ ಕಲ್ಲಿನ ಹೆಲ್ಲುಲ್ಯಾಂಡ್, ಕಾಡಿನ ಮಾರ್ಕ್‌ಲ್ಯಾಂಡ್, ಆಮೇಲೆ ಕಾಡುದ್ರಾಕ್ಷಿಯ ವಿನ್‌ಲ್ಯಾಂಡ್. ಮೊದಲೆರಡು ಇಂದಿನ ಬಾಫಿನ್ ದ್ವೀಪ ಮತ್ತು ಲ್ಯಾಬ್ರಡಾರ್ ಎಂಬುದಕ್ಕೆ ಹೆಚ್ಚಿನ ವಿದ್ವಾಂಸರ ಒಪ್ಪಿಗೆ ಇದೆ.

ಸಾಗಾಗಳು ಘಟನೆ ನಡೆದು ಇನ್ನೂರು ವರ್ಷದ ಮೇಲೆ ಬರಹಕ್ಕಿಳಿದವು. ಅವನ್ನಷ್ಟೇ ನಂಬಬೇಕಿಲ್ಲ, ನೆಲದಲ್ಲೂ ಸಾಕ್ಷಿ ಇದೆ. ನ್ಯೂಫೌಂಡ್‌ಲ್ಯಾಂಡಿನ ಉತ್ತರದ ತುದಿಯ ಲಾನ್ಸ್ ಓ ಮೆಡೋಸ್ ಎಂಬ ಮೀನುಗಾರರ ಹಳ್ಳಿಯಲ್ಲಿ 1960ರಲ್ಲಿ ನಾರ್ವೆಯ ಅನ್ವೇಷಕ ಹೆಲ್ಗೆ ಇಂಗ್‌ಸ್ಟಾಡ್‌ಗೆ ಹುಲ್ಲು ಮುಚ್ಚಿದ ದಿಬ್ಬಗಳನ್ನು ತೋರಿಸಿದವರು ಅದೇ ಊರಿನ ಜಾರ್ಜ್ ಡೆಕರ್. ಅಗೆದು ಶಾಸ್ತ್ರೀಯವಾಗಿ ನಿರೂಪಿಸಿದ್ದು ಪುರಾತತ್ವಜ್ಞೆಯಾಗಿದ್ದ ಪತ್ನಿ ಆನ್ ಸ್ಟೀನ್ ಇಂಗ್‌ಸ್ಟಾಡ್, 1961ರಿಂದ 1968ರವರೆಗೆ. ಲೇಖನದಲ್ಲಿ ಗಂಡನ ಹೆಸರು ಮಾತ್ರ ಇದೆ, ಇದು ಆಗಬಾರದಿತ್ತು. ಸಿಕ್ಕದ್ದು ಎಂಟು ಕಟ್ಟಡಗಳ ಬುಡ. ಮರದ ಚೌಕಟ್ಟು, ಹುಲ್ಲು ಬೇರು ಸಮೇತ ಇಟ್ಟಿಗೆಯಂತೆ ಕೊಯ್ದ ಮಣ್ಣಿನ ಹೆಂಟೆಗಳ ದಪ್ಪ ಗೋಡೆ, ಮೇಲೂ ಅದೇ ಹೆಂಟೆ. ಮೂರು ದೊಡ್ಡ ಮನೆಗಳು, ಅವಕ್ಕೆ ಹೊಂದಿ ಸಣ್ಣ ಗುಡಿಸಲುಗಳು, ತೊರೆಯಾಚೆ ಬೆಂಕಿಯ ಕೆಲಸಕ್ಕೆ ಬೇರೆಯೇ ಒಂದು. ಮೇಲಂಗಿ ಸಿಕ್ಕಿಸುವ, ಉಂಗುರ ತಲೆಯ ಕಂಚಿನ ಪಿನ್ನು ಒಂದು. ಬಳಪದ ಕಲ್ಲಿನ ಕದಿರುಬಿಲ್ಲೆ ಒಂದು; ಅಂದರೆ ಅಲ್ಲಿ ನೂಲುವವರಿದ್ದರು, ಹೆಂಗಸರು ಬಂದಿದ್ದರು. ಬಟರ್‌ನಟ್ ಎಂಬ ಕಾಯಿಯ ಚಿಪ್ಪುಗಳೂ ಸಿಕ್ಕಿವೆ. ಆ ಮರ ನ್ಯೂಫೌಂಡ್‌ಲ್ಯಾಂಡಿನಲ್ಲಿ ಬೆಳೆಯುವುದಿಲ್ಲ, ಇನ್ನೂ ದಕ್ಷಿಣದ ನ್ಯೂಬ್ರನ್ಸ್‌ವಿಕ್ ಕಡೆಯದು. ಕಾಡುದ್ರಾಕ್ಷಿ ಸಿಗುವುದೂ ಆ ಕಡೆಯೇ. ಹಾಗಾಗಿ ಈ ಜಾಗ ಒಂದು ತಂಗುದಾಣ, ಇಲ್ಲಿಂದ ಮುಂದಕ್ಕೆ ಹೋಗಿ ಬರುತ್ತಿದ್ದರು.

ನಮಗೆ ಎಲ್ಲಕ್ಕಿಂತ ಮುಖ್ಯವಾಗಿ ಕಾಣುವುದು ಅಲ್ಲಿನ ಕುಲುಮೆ. ಗದ್ದೆಯ ಅಂಚಿನಲ್ಲಿ ಒಸರುವ ನೀರಿನ ಮೇಲೆ ಎಣ್ಣೆ ಚೆಲ್ಲಿದಂತೆ ಹೊಳೆಯುವ, ಕೆಂಪು ಕೆಸರಿನಂಥ ಪದರ ಕೊಡಗಿನಲ್ಲಿ ಯಾರೂ ನೋಡಿರದೆ ಇಲ್ಲ. ನೀರಿನಲ್ಲಿ ಕರಗಿದ ಕಬ್ಬಿಣ ಗಾಳಿ ತಾಗಿದಲ್ಲಿ, ಸೂಕ್ಷ್ಮಜೀವಿಗಳ ನೆರವಿನಿಂದ ತುಕ್ಕಾಗಿ ಕೂರುವುದು ಅದು. ಜೌಗಿನಲ್ಲಿ ನೂರಾರು ವರ್ಷ ಹೀಗೆ ಕೂತು ಗಂಟುಗಟ್ಟಿದರೆ ಅದೇ ಜೌಗು ಅದಿರು. ನಾರ್ಸ್ ಜನ ಇದನ್ನು ಆಯ್ದು, ಬೆಂಕಿಯಲ್ಲಿ ಹುರಿದು ತೇವ ತೆಗೆದು, ಇದ್ದಿಲಿನ ಜೊತೆ ಪದರಪದರವಾಗಿ ಒಲೆಗೆ ತುಂಬಿ, ತಿದಿ ಒತ್ತುತ್ತಿದ್ದರು. ಆ ಕಾವಿಗೆ ಕಬ್ಬಿಣ ಕರಗುವುದಿಲ್ಲ, ಕರಗುವುದು ಕಿಟ್ಟ. ಕಿಟ್ಟ ಇಳಿದು ಹೋದ ಮೇಲೆ ಸ್ಪಂಜಿನಂಥ ಮುದ್ದೆ ಉಳಿಯುತ್ತದೆ. ಕೆಂಪಗಿರುವಾಗಲೇ ಅದನ್ನು ಬಡಿದು ಬಡಿದು ಒಳಗಿನ ಕಿಟ್ಟ ಹಿಂಡಬೇಕು. ಕಾವು ಸಾಲದಿದ್ದರೆ, ಇದ್ದಿಲು ಕಡಿಮೆಯಾದರೆ ಕಬ್ಬಿಣವೂ ಕಿಟ್ಟದಲ್ಲೇ ಹೋಗುತ್ತದೆ. ಲಾನ್ಸ್ ಓ ಮೆಡೋಸ್‌ನಲ್ಲಿ ಆದದ್ದು ಅದೇ. ಸಿಕ್ಕ ಕಿಟ್ಟದ ತುಂಬ ಕಬ್ಬಿಣ ಉಳಿದಿದೆ. ಅವರಿಗೆ ದಕ್ಕಿದ್ದು ಸುಮಾರು 3 ಕಿಲೋ ಎಂದು ಅಂದಾಜು, ನೂರು ಇನ್ನೂರು ಮೊಳೆಗೆ ಸಾಕಾಗುವಷ್ಟು. ಒಂದು ಹಡಗಿಗೆ ಬೇಕಾದದ್ದು ಸಾವಿರಗಟ್ಟಲೆ. ಅಂದರೆ ಹೊಸ ಹಡಗು ಕಟ್ಟಲು ಮಾಡಿದ ಕುಲುಮೆ ಇದಲ್ಲ. ತುಕ್ಕು ಹಿಡಿದ ಮೊಳೆ ಬದಲಿಸಿ ಊರಿಗೆ ಮರಳಲು ಹಚ್ಚಿದ ಬೆಂಕಿ. ಮನೆಗಳ ಸುತ್ತ ಸಿಕ್ಕ ಮುರಿದ ಹಳೆಯ ಮೊಳೆಗಳೂ ಇದನ್ನೇ ಹೇಳುತ್ತವೆ.

ಕಾಲವನ್ನು ಲೇಖನ ಸುಮ್ಮನೆ ಕ್ರಿ.ಶ. 1000 ಎಂದು ಬರೆದಿದೆ. ಇದಕ್ಕಿಂತ ಖಚಿತವಾದ ಒಂದು ಇಸವಿ ನಮ್ಮ ಬಳಿ ಇದೆ, ಅದು ಸಿಕ್ಕ ರೀತಿ ಮಕ್ಕಳಿಗೆ ತಿಳಿಯಬೇಕು. ತೇಗದ ದಿಮ್ಮಿಯ ಕೊಯ್ದ ಮುಖದಲ್ಲಿ ವರ್ಷಕ್ಕೊಂದು ಉಂಗುರ ಕಾಣುವಂತೆ ಚಳಿದೇಶದ ಮರಗಳಲ್ಲೂ ಕಾಣುತ್ತದೆ. ಕ್ರಿ.ಶ. 993ರ ಹೊತ್ತಿಗೆ ಬಾಹ್ಯಾಕಾಶದಿಂದ ಬಂದ ಕಿರಣಗಳ ಹೊಡೆತಕ್ಕೆ ಗಾಳಿಯಲ್ಲಿ ವಿಕಿರಣ ಸೂಸುವ ಇಂಗಾಲ-14ರ ಪ್ರಮಾಣ ಒಮ್ಮೆಲೇ ಏರಿತು, ಜಗತ್ತಿನ ಎಲ್ಲೆಡೆಯ ಮರಗಳೂ ಆ ವರ್ಷದ ಉಂಗುರದಲ್ಲಿ ಅದರ ಗುರುತು ಉಳಿಸಿಕೊಂಡವು. ನೆದರ್‌ಲ್ಯಾಂಡ್ಸ್‌ನ ಗ್ರೋನಿಂಗನ್ ವಿಶ್ವವಿದ್ಯಾಲಯದ ಮಾರ್ಗೊ ಕೈಟೆಮ್ಸ್, ಮೈಕಲ್ ಡೀ ಮತ್ತು ಸಂಗಡಿಗರು ಲಾನ್ಸ್ ಓ ಮೆಡೋಸ್‌ನ ಜೌಗಿನಲ್ಲಿ ಕೊಳೆಯದೆ ಉಳಿದ ಮರದ ತುಂಡುಗಳನ್ನು ತೆಗೆದುಕೊಂಡು, ಒಂದೊಂದು ಉಂಗುರವನ್ನೂ ಬೇರೆ ಬೇರೆ ಪರೀಕ್ಷಿಸಿ, ಆ ಗುರುತಿನ ಉಂಗುರ ಹಿಡಿದರು. ಅಲ್ಲಿಂದ ತೊಗಟೆಯವರೆಗೆ ಎಣಿಸಿದರೆ 28. ಮೂರು ಬೇರೆ ಬೇರೆ ಮರ, ಮೂರಕ್ಕೂ ಒಂದೇ ಉತ್ತರ: ಕಡಿದದ್ದು 1021ರಲ್ಲಿ. ತುಂಡಿಗೆ ತೊಗಟೆಯ ಅಂಚು ಇರಲೇಬೇಕು. ಅಂಚು ಕೆತ್ತಿಹೋಗಿದ್ದರೆ ಎಷ್ಟು ಉಂಗುರ ಕಳೆದವು ಎಂದು ತಿಳಿಯದೆ ಲೆಕ್ಕ ಕೆಡುತ್ತದೆ. ಕಡಿದ ಗುರುತು ಲೋಹದ ಅಲಗಿನದು, ಅಲ್ಲಿನ ಮೂಲನಿವಾಸಿಗಳ ಬಳಿ ಅಂಥ ಅಲಗು ಇರಲಿಲ್ಲ. 2021ರಲ್ಲಿ ಪ್ರಕಟವಾದ ಈ ಸಂಶೋಧನೆ ಹೇಳುವುದಿಷ್ಟು: ಆ ವರ್ಷ ಅವರು ಅಲ್ಲಿ ಮರ ಕಡಿಯುತ್ತಿದ್ದರು. ಮೊದಲು ಕಾಲಿಟ್ಟ ವರ್ಷವೆಂದಾಗಲಿ ಕೊನೆಯ ವರ್ಷವೆಂದಾಗಲಿ ಅದನ್ನು ಓದಬಾರದು.

ಈಗ 14 ಹಡಗಿಗೆ ಮರಳೋಣ. ಹಡಗಿಗೆ 30 ಜನ ಎಂದರೂ ಗ್ರೀನ್‌ಲ್ಯಾಂಡಿನಲ್ಲಿ ಮೊದಲು ಇಳಿದವರು ನಾಲ್ಕು ನೂರರ ಆಸುಪಾಸು. ಲಾನ್ಸ್ ಓ ಮೆಡೋಸ್‌ನ ಮನೆಗಳಲ್ಲಿ 70ರಿಂದ 90 ಜನ ಇರಬಹುದಾಗಿತ್ತು ಎಂಬುದು ಅಲ್ಲಿ ದೀರ್ಘಕಾಲ ಕೆಲಸ ಮಾಡಿದ ಬಿರ್ಗಿಟ್ಟಾ ವ್ಯಾಲೇಸ್ ಅವರ ಅಂದಾಜು. ಮೊದಲ ತಲೆಮಾರಿನ ಲೆಕ್ಕ ಹಿಡಿದರೆ ಐದಾರು ಜನರಲ್ಲಿ ಒಬ್ಬರು, ಅದೂ ಗಟ್ಟಿಮುಟ್ಟಾದವರು, ಊರು ಬಿಟ್ಟು ಬಂದ ಹಾಗಾಯಿತು. ಹಡಗು ಬಿಡಬಹುದಾದ ತಿಂಗಳುಗಳೇ ಹುಲ್ಲು ಕೊಯ್ದು ಒಣಗಿಸುವ ತಿಂಗಳುಗಳು. ಗ್ರೀನ್‌ಲ್ಯಾಂಡಿನಲ್ಲಿ ಹಸುಗಳು ವರ್ಷದ ಅರ್ಧಕ್ಕಿಂತ ಹೆಚ್ಚು ಕಾಲ ಕೊಟ್ಟಿಗೆಯೊಳಗೇ ಇರಬೇಕು. ಕೂಡಿಟ್ಟ ಒಣಹುಲ್ಲು ಸಾಲದಿದ್ದರೆ ವಸಂತದ ಹೊತ್ತಿಗೆ ದನ ಎದ್ದು ನಿಲ್ಲುವುದಿಲ್ಲ. ನಾಟಿಯ ವಾರಗಳಲ್ಲೇ ಮನೆಯ ಆಳುಗಳೆಲ್ಲ ಊರು ಬಿಟ್ಟರೆ ಗದ್ದೆಯ ಗತಿ ಏನಾಗುತ್ತದೋ ಅದೇ ಗತಿ. ದೂರವೋ, ನೇರ ಗೆರೆ ಎಳೆದರೆ ಸುಮಾರು 1,200 ಕಿಲೋಮೀಟರ್. ನೆಲ ಕಣ್ಣಿಗೆ ಬೀಳುವಂತೆ ಕರಾವಳಿ ಹಿಡಿದು ಸುತ್ತಿದರೆ ಅದರ ಎರಡು ಪಟ್ಟಿಗೂ ಮೇಲೆ.

ಅಷ್ಟು ದೂರ ಹೋಗಿ ತರಬೇಕಾದದ್ದೇನು? ದ್ರಾಕ್ಷಿ ಒಳ್ಳೆಯದೇ. ಮರ ಬೇಕಿದ್ದರೆ ಅರ್ಧ ದಾರಿಯ ಮಾರ್ಕ್‌ಲ್ಯಾಂಡಿನಲ್ಲೇ ಸಿಗುತ್ತಿತ್ತು. ಕಬ್ಬಿಣ, ಧಾನ್ಯ, ಚರ್ಚಿನ ಸಾಮಾನು, ಮದುವೆಗೆ ಹೆಣ್ಣು ಗಂಡು ಬೇಕೆಂದರೆ ಮೂಡಣದ ಐಸ್‌ಲ್ಯಾಂಡಿಗೋ ನಾರ್ವೆಗೋ ಹೋಗಬೇಕು. ಅಲ್ಲಿ ಮಾರಲು ಗ್ರೀನ್‌ಲ್ಯಾಂಡಿನ ಉತ್ತರದಲ್ಲಿ ವಾಲ್ರಸ್ ದಂತ ಇತ್ತು. ಮಧ್ಯಯುಗದ ಯುರೋಪಿನ ಎಷ್ಟೋ ದಂತದ ಕೆತ್ತನೆಗಳು ಅಲ್ಲಿಂದ ಬಂದ ದಂತದವು ಎಂದು ವಂಶವಾಹಿ ಪರೀಕ್ಷೆ ತೋರಿಸಿದೆ. ಹೀಗಿರುವಾಗ ವಿನ್‌ಲ್ಯಾಂಡಿನಲ್ಲಿ ಶಾಶ್ವತ ಊರು ಕಟ್ಟುವುದು ಒಕ್ಕಲುತನದ ಲೆಕ್ಕಕ್ಕೆ ಕೂಡಿಬರಲಿಲ್ಲ.

ಅದು ಖಾಲಿ ನೆಲವೂ ಆಗಿರಲಿಲ್ಲ. ಸಾವಿರಾರು ವರ್ಷದಿಂದ ಅಲ್ಲಿ ಬದುಕಿದ್ದ ಜನ ಇದ್ದರು. ಥೋರ್ಫಿನ್ ಕಾರ್ಲ್‌ಸೆಫ್ನಿ ಮತ್ತು ಗುಡ್ರಿಡ್ ದಂಪತಿ ದನಗಳೊಂದಿಗೆ ನೆಲೆಸಲೆಂದೇ ಹೋದವರು. ಅವರ ಮಗ ಸ್ನೋರಿ ಅಲ್ಲೇ ಹುಟ್ಟಿದ. ಮೂಲನಿವಾಸಿಗಳೊಂದಿಗೆ ಮೊದಲು ವ್ಯಾಪಾರ ನಡೆಯಿತು. ತುಪ್ಪಳದ ಚರ್ಮಕ್ಕೆ ಬದಲಾಗಿ ಗೇಣಗಲದ ಕೆಂಪು ಬಟ್ಟೆ; ಬಟ್ಟೆ ಮುಗಿಯುತ್ತ ಬಂದಾಗ ಬೆರಳಗಲಕ್ಕೆ ಸೀಳಿಕೊಟ್ಟರೂ ಅವರು ಅಷ್ಟೇ ಚರ್ಮ ಕೊಟ್ಟರು ಎಂದು ಸಾಗಾ ಹೇಳುತ್ತದೆ. ಆಮೇಲೆ ಜಗಳ, ಸಾವು. ಲೀಫನ ತಮ್ಮ ಥೋರ್ವಾಲ್ಡ್ ಬಾಣ ತಾಗಿ ಸತ್ತ. ಅದಕ್ಕೆ ಮೊದಲು ಅವನ ಜನ, ದೋಣಿ ಮಗುಚಿ ಅದರಡಿ ಮಲಗಿದ್ದ ಎಂಟು ಮಂದಿ ಮೂಲನಿವಾಸಿಗಳನ್ನು ಕೊಂದಿದ್ದರು ಎಂಬುದನ್ನು ಲೇಖನ ಹೇಳಿಲ್ಲ. ಅಷ್ಟು ಸಣ್ಣ ಗುಂಪಿಗೆ ಸತ್ತವನ ಬದಲು ಇನ್ನೊಬ್ಬನನ್ನು ತರಲು ಮುಂದಿನ ಬೇಸಿಗೆಯವರೆಗೆ ಕಾಯಬೇಕು. ಕಬ್ಬಿಣದ ಕತ್ತಿಯಿಂದ ಈ ಕೊರತೆ ತುಂಬುವುದಿಲ್ಲ.

ಹಾಗಾಗಿ ಅವರು ಬಿಟ್ಟು ಹೋದರು, ಅವಸರವಿಲ್ಲದೆ. ಲಾನ್ಸ್ ಓ ಮೆಡೋಸ್‌ನಲ್ಲಿ ಒಂದು ಸಮಾಧಿಯೂ ಸಿಕ್ಕಿಲ್ಲ, ದನದ ಕೊಟ್ಟಿಗೆ ಸಿಕ್ಕಿಲ್ಲ, ಕಸದ ಗುಂಡಿ ತೆಳು. ಬೆಲೆಬಾಳುವ ಉಪಕರಣಗಳನ್ನೆಲ್ಲ ಜೊತೆಗೆ ಒಯ್ದಿದ್ದಾರೆ. ಆದರೆ ಸಂಬಂಧ ಕಡಿದುಹೋಗಲಿಲ್ಲ. ಐಸ್‌ಲ್ಯಾಂಡಿನ ವಾರ್ಷಿಕ ದಾಖಲೆಗಳಲ್ಲಿ 1121ರಲ್ಲಿ ಬಿಷಪ್ ಒಬ್ಬರು ವಿನ್‌ಲ್ಯಾಂಡ್ ಹುಡುಕಿ ಹೋದದ್ದು ಇದೆ. 1347ರಲ್ಲಿ, ಮಾರ್ಕ್‌ಲ್ಯಾಂಡಿಗೆ ಹೋಗಿದ್ದ ಗ್ರೀನ್‌ಲ್ಯಾಂಡಿನ ಚಿಕ್ಕ ಹಡಗೊಂದು ಲಂಗರು ಕಳೆದುಕೊಂಡು ಐಸ್‌ಲ್ಯಾಂಡಿಗೆ ಬಂದು ಸೇರಿದ್ದು ಇದೆ. ಗ್ರೀನ್‌ಲ್ಯಾಂಡಿನ ನಾರ್ಸ್ ಮನೆಗಳಲ್ಲಿ ಸಿಕ್ಕ ಮರದ ಚೂರುಗಳನ್ನು ಸೂಕ್ಷ್ಮದರ್ಶಕದಲ್ಲಿ ಪರೀಕ್ಷಿಸಿದಾಗ ಹೆಮ್‌ಲಾಕ್, ಜ್ಯಾಕ್ ಪೈನ್ ಎಂಬ ಉತ್ತರ ಅಮೆರಿಕದ ಮರಗಳನ್ನು ಗುರುತಿಸಲಾಗಿದೆ ಎಂದು 2023ರಲ್ಲಿ ವರದಿಯಾಯಿತು. ಆ ಕಾಲಕ್ಕೆ ಉತ್ತರ ಯುರೋಪಿನಲ್ಲಿ ಇಲ್ಲದ ಜಾತಿಗಳು ಅವು. ಲೀಫನ ಕಾಲದಿಂದ 1347ಕ್ಕೆ ಮುನ್ನೂರು ವರ್ಷಗಳ ಮೇಲಾಗುತ್ತದೆ. ಇದನ್ನು ಕಣ್ಮರೆ ಎನ್ನಲು ಬರುವುದಿಲ್ಲ.

ಗ್ರೀನ್‌ಲ್ಯಾಂಡಿನ ಒಕ್ಕಲುತನ ಮುಗಿದದ್ದು ಬೇರೆಯೇ ಕಥೆ. ಚಳಿ ಏರಿತು, ದಂತದ ಬೇಡಿಕೆ ಇಳಿಯಿತು, ಹಡಗು ಬರುವುದು ವಿರಳವಾಯಿತು. ಅಲ್ಲಿನ ಎಲುಬುಗಳನ್ನು ಪರೀಕ್ಷಿಸಿದರೆ ಜನ ದನದ ಹಾಲಿನಿಂದ ಸೀಲ್ ಮಾಂಸಕ್ಕೆ ಹೊರಳುತ್ತ ಬಂದದ್ದು ಕಾಣುತ್ತದೆ. ಹ್ವಾಲ್ಸೆಯ ಕಲ್ಲಿನ ಚರ್ಚಿನಲ್ಲಿ 1408ರ ಸೆಪ್ಟೆಂಬರಿನಲ್ಲಿ ನಡೆದ ಒಂದು ಮದುವೆ ಅವರ ಬಗ್ಗೆ ಉಳಿದಿರುವ ಕೊನೆಯ ಬರಹದ ದಾಖಲೆ.

ಕೊನೆಗೆ ನಕ್ಷೆಯ ವಿಷಯ. ತಮ್ಮ ಪುರವಣಿಯ ನಕ್ಷೆಯಲ್ಲಿ ಗ್ರೀನ್‌ಲ್ಯಾಂಡಿನ 'ಪೂರ್ವ ವಸತಿ'ಯನ್ನು ಪೂರ್ವ ಕರಾವಳಿಯಲ್ಲಿ ತೋರಿಸಲಾಗಿದೆ. ಹೆಸರು ನೋಡಿದರೆ ಹಾಗೆ ಗುರುತಿಸುವುದು ಸಹಜ. ಹಿಂದೆ ಅದನ್ನು ಹುಡುಕಿ ಹೋದ ಯುರೋಪಿನವರೂ ಇದೇ ತಪ್ಪು ಮಾಡಿ, ವರ್ಷಗಟ್ಟಲೆ ಹಿಮಗಡ್ಡೆಯ ಪೂರ್ವ ತೀರದಲ್ಲಿ ತಡಕಾಡಿದರು. ಎರಡು ವಸತಿಗಳೂ ಇದ್ದದ್ದು ಪಶ್ಚಿಮ ಕರಾವಳಿಯ ಕಡೆಗೇ. ಪೂರ್ವ ವಸತಿ ದಕ್ಷಿಣದ ತುದಿಗೆ ಹತ್ತಿರ, ಈಗಿನ ಕಕೊರ್ಟಾಕ್ ಸುತ್ತಮುತ್ತ. ಎರಿಕನ ಮನೆ ಬ್ರಾತ್ತಾಹ್ಲಿಡ್ ಕೂಡ ಅಲ್ಲೇ. ಪಶ್ಚಿಮ ವಸತಿ ಅದೇ ಕರಾವಳಿಯಲ್ಲಿ ಮೇಲಕ್ಕೆ, ಈಗಿನ ರಾಜಧಾನಿ ನೂಕ್ ಬಳಿ. ಮುಂದಿನ ಪುರವಣಿಯಲ್ಲಿ ತಿದ್ದಿದ ನಕ್ಷೆಯನ್ನು ಹಾಕಿದರೆ, ಹಳೆಯದನ್ನು ಅಂಟಿಸಿಕೊಂಡ ಮಕ್ಕಳು ಅದರ ಮೇಲೆ ಹೊಸದನ್ನು ಅಂಟಿಸಿಕೊಳ್ಳಬಹುದು. ಅಳತೆಯೂ ಅದೇ ಇರಲಿ, ಎರಡು ಕಾಲಂ ಅಗಲ.

ಇತಿ ತಮ್ಮ ವಿಶ್ವಾಸಿಗಳು,
ಇತಿಹಾಸಾಸಕ್ತ ಓದುಗರು,
ಮಡಿಕೇರಿ, ಕೊಡಗು